ತಿಂಡಿ ಹೊತ್ತಿನ ಕರಿಹೊಗೆ

ಬೆಳಗಿನ ಜಾವ ಸ್ಟಾರ್ಟ್ ಮಾಡಿದಾಗ ಆ ಟ್ರ್ಯಾಕ್ಟರಿನಷ್ಟು ಸಂಭಾವಿತ ಯಂತ್ರ ಇಡೀ ಪಾವಗಡ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಒಂದು ಸಲ ಕೆಮ್ಮಿ, ಸೈಲೆನ್ಸರಿನ ಬಾಯಿಂದ ತೆಳ್ಳಗೆ ಉಸಿರು ಬಿಟ್ಟು, ನೀರಿನ ಟ್ಯಾಂಕರನ್ನು ಎಳೆದುಕೊಂಡು, ವಳ್ಳೂರಿನ ಸೋಲಾರ್ ಫಲಕಗಳ ಸಾಲಿನೊಳಕ್ಕೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ತಿಂಡಿ ಹೊತ್ತು ಬಂತೋ, ಅದರ ಬಣ್ಣ ಬಯಲಾಗುತ್ತಿತ್ತು. ಮೊದಲು ಬೂದಿಯಂಥ ಹೊಗೆ, ಆಮೇಲೆ ಕಪ್ಪು, ಆಮೇಲೆ ಟಾರು ಕುದಿಸಿದಾಗ ಏಳುವಂಥ ಅಪ್ಪಟ ಕರಿಹೊಗೆ. ಹೆಂಗಸರು ತೊಳೆದು ಫಳಫಳ ಮಾಡಿಟ್ಟ ಗಾಜಿನ ಮೇಲೆ ಆ ಮಸಿ ನಿಧಾನವಾಗಿ ಬಂದು ಕೂರುತ್ತಿತ್ತು. ತೊಳೆಯುವವರೂ ತಾವೇ, ಕೊಳೆ ಮಾಡುವವರೂ ತಾವೇ ಅಂದಮೇಲೆ ಅಂಥವರಿಗೆ ಯಾರು ತಾನೇ ಕೆಲಸ ಕೊಟ್ಟಾರು?

ಆ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು ಸಹನಾ. ಹೆಸರಿಟ್ಟವರು ಏನು ನೋಡಿ ಇಟ್ಟರೋ, ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಕೊರಟಗೆರೆ ಕಡೆಯ ಹುಡುಗಿ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವಳು, ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಹುಡುಗರು ಗ್ರೀಸು ಕೈಯಲ್ಲಿ ಬೆನ್ನಿಗೆ ಬರೆ ಎಳೆದರೆ ಇವಳು ಸ್ಪ್ಯಾನರ್ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಭೀಮರಾಜುವನ್ನು ಮದುವೆಯಾಗಿ ವಳ್ಳೂರಿಗೆ ಬಂದಾಗ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಒಂದು ಸ್ಪ್ಯಾನರ್ ಸೆಟ್ಟೂ ಬಂದಿತ್ತು. ಅತ್ತೆ ದಾಸಮ್ಮ ಅದನ್ನು ನೋಡಿ ನಕ್ಕಳೇ ಹೊರತು ತೆಗೆದಿಡು ಅನ್ನಲಿಲ್ಲ.

ದಾಸಮ್ಮ ಊರಿನ ಹೆಂಗಸರ ಸಂಘದ ಯಜಮಾನಿ. ಹೊಲಗಳೆಲ್ಲ ಸೋಲಾರ್ ಪಾರ್ಕಿಗೆ ಹೋದಮೇಲೆ ಸಂಘದವರು ಒಟ್ಟಾಗಿ ಟ್ರ್ಯಾಕ್ಟರ್ ತಂದು, ಫಲಕ ತೊಳೆಯುವ ಗುತ್ತಿಗೆ ಹಿಡಿದಿದ್ದರು. ಶಿವರಾತ್ರಿ ಕಳೆದು ಬಿಸಿಗಾಳಿ ಎದ್ದ ಹೊತ್ತಿಗೆ ಡ್ರೈವರು ಕೈಕೊಟ್ಟು ಹೋದ. ದಾಸಮ್ಮ ಯಾರನ್ನೂ ಕೇಳದೆ ಸೊಸೆಯನ್ನು ಸೀಟಿನ ಮೇಲೆ ಕೂರಿಸಿಬಿಟ್ಟಳು. ಹೊಗೆ ಶುರುವಾದದ್ದು ಅದಾದಮೇಲೆಯೇ. ಊರಿಗೆ ಅಷ್ಟು ಸಾಕಾಯಿತು. ಹೆಣ್ಣು ಕೂತ ಗಳಿಗೆಯಿಂದ ಗಾಡಿ ಕೆಟ್ಟಿತು ಎಂದು ಹೋಟೆಲಿನ ಬೆಂಚಿನ ಮೇಲೆ ತೀರ್ಪಾಯಿತು. ಸಂಘದೊಳಗೇ ಇದ್ದ ಪಾಪಕ್ಕ, ಉದ್ದ ಕೋಲಿನ ಬ್ರಷ್ ಹಿಡಿದು ಗಾಜು ಉಜ್ಜುವವಳು, ಹಳೇ ಡ್ರೈವರ್ ಇದ್ದಾಗ ಇಂಗಾಗ್ತಿರಲಿಲ್ಲಪ್ಪ ಎಂದು ಸಹನಾಳಿಗೆ ಕೇಳಿಸುವಷ್ಟು ಮೆತ್ತಗೆ ಗೊಣಗುತ್ತಿದ್ದಳು.

ಪಾರ್ಕಿನ ಸೂಪರ್‌ವೈಸರ್ ಸ್ಪಂದನಾ, ಸಿರಾದ ಹುಡುಗಿ, ದೂರು ಮೇಲಿನವರಿಗೆ ಹೋಗದಂತೆ ಎಷ್ಟೋ ದಿನ ತಡೆದಳು. ಕಡೆಗೆ ಒಂದು ಸಂಜೆ ಸಹನಾಳನ್ನು ಪಕ್ಕಕ್ಕೆ ಕರೆದು, ಬೇಜಾರಿನಿಂದಲೇ ವಿಷಯ ಹೇಳಿದಳು. ಸೋಮವಾರ ತುಮಕೂರಿನಿಂದ ಹಿರಿಯ ಇಂಜಿನಿಯರ್ ರಂಗೇಶ್ ಬರುತ್ತಾರೆ. ಮೊದಲಿನಿಂದ ಕೊನೆಯವರೆಗೆ ನಿಂತು ನೋಡುತ್ತಾರೆ. ಅವತ್ತೂ ಹೊಗೆ ಬಂದರೆ ಕೆಲಸ ಸಿರಾ ಕಡೆಯ ಇನ್ನೊಬ್ಬರ ಟ್ರ್ಯಾಕ್ಟರಿಗೆ ಹೋಗುತ್ತದೆ, ಅವರು ತಮ್ಮ ಆಳುಗಳನ್ನೇ ತರುತ್ತಾರೆ. ಇದರಲ್ಲಿ ತನ್ನ ಮಾತು ಇನ್ನು ನಡೆಯುವುದಿಲ್ಲ ಎಂದಳು. ಸಹನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಸೀಟಿನಿಂದ ಇಳಿಯುವುದು ಹಾಗಿರಲಿ, ತನ್ನನ್ನು ನಂಬಿ ಕೂರಿಸಿದ ಅತ್ತೆ ಊರಿನ ಮುಂದೆ ತಲೆ ತಗ್ಗಿಸಬೇಕಾಗುತ್ತದಲ್ಲ. ಅಷ್ಟೂ ಹೆಂಗಸರು ಮನೆಗೆ ಹೋಗಬೇಕಾಗುತ್ತದಲ್ಲ.

ಹಾಗಂತ ಅವಳು ಕೈಕಟ್ಟಿ ಕೂತಿರಲಿಲ್ಲ. ಹೊಗೆಗೂ ಒಂದು ಭಾಷೆ ಇದೆ, ಅದನ್ನು ಓದಲು ಅವಳಿಗೆ ಬರುತ್ತಿತ್ತು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಬಂದರೆ ಡೀಸೆಲ್ ಉರಿಯದೆ ಹಾಗೇ ಹೊರಟಿದೆ, ಇಲ್ಲವೇ ಎಲ್ಲೋ ನೀರು ಸೇರಿದೆ. ಕಪ್ಪಾದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಕಮ್ಮಿಯಾಗಿದೆ. ಒಲೆಯ ಬಾಯಿಗೆ ಸೌದೆ ತುರುಕಿ ಊದದೆ ಬಿಟ್ಟರೆ ಅಡುಗೆಮನೆ ತುಂಬ ಹೊಗೆಯಾಗುವುದಿಲ್ಲವೇ, ಅದೇ ಲೆಕ್ಕ.

ಮೊದಲು ಅವಳು ಡೀಸೆಲ್ ಕಡೆಯಿಂದ ಹುಡುಕಿದಳು. ಡೀಸೆಲ್ಲನ್ನು ಚಿಮ್ಮಿಸುವ ನಾಜಲ್‌ಗಳಲ್ಲಿ ಒಂದು ಸೋರುತ್ತಿದ್ದರೂ ಹೊಗೆ ಕಪ್ಪಾಗುತ್ತದೆ. ಒಂದು ದಿನ ಹೊಗೆ ಭರ್ತಿಯಾಗಿ ಏಳುತ್ತಿದ್ದಾಗಲೇ ಸ್ಪ್ಯಾನರ್ ಹಿಡಿದು, ಒಂದೊಂದೇ ನಾಜಲ್ಲಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ ನೋಡಿದಳು. ತಪ್ಪಿತಸ್ಥ ನಾಜಲ್ ಯಾವುದೋ ಅದನ್ನು ಬಿಡಿಸಿದಾಗ ಹೊಗೆ ನಿಲ್ಲಬೇಕು. ಆದರೆ ಯಾವುದನ್ನು ಬಿಡಿಸಿದರೂ ಒಂದೇ ಥರ, ಎಂಜಿನ್ ಕುಂಟಿತು, ಹೊಗೆ ಒಂದಿಷ್ಟೇ ಇಳಿಯಿತು. ತಪ್ಪು ಯಾವ ಒಂದರದ್ದೂ ಅಲ್ಲ, ಎಲ್ಲಕ್ಕೂ ಸೇರಿದ ಜಾಗದಲ್ಲಿದೆ ಎಂದಾಯಿತು. ಅಂದರೆ ಡೀಸೆಲ್ ಪಂಪು, ಇಲ್ಲವೇ ಗಾಳಿ.

ಗಾಳಿಯ ವಿಷಯದಲ್ಲಿ ಮಾತ್ರ ಅವಳದು ಒಂದೇ ಮಾತು, ತಪ್ಪು ಅಲ್ಲಿಲ್ಲ. ಏರ್ ಫಿಲ್ಟರನ್ನು ದಿನಾ ಬೆಳಗ್ಗೆ ತನ್ನ ಕೈಯಾರೆ ಬಿಚ್ಚಿ ನೋಡುತ್ತಿದ್ದಳು. ಪಕ್ಕದ ಟ್ರ್ಯಾಕ್ಟರಿನವರು ಫಿಲ್ಟರ್ ಕೊಡವಿದರೆ ಬೊಗಸೆ ದೂಳು ಬೀಳುತ್ತಿತ್ತು, ಇವಳದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಇದನ್ನು ಸ್ಪಂದನಾಳಿಗೂ ತೋರಿಸಿದ್ದಳು, ಪಾಪಕ್ಕನ ಮೂಗಿನ ಕೆಳಗೂ ಹಿಡಿದಿದ್ದಳು. ಗಾಡಿಯನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ನೋಡಿ ಕಲೀರಿ ಅನ್ನುವ ಧಾಟಿಯಲ್ಲಿ.

ಅವಳು ಫಿಲ್ಟರ್ ನೋಡಿ ಮುಚ್ಚಿದಮೇಲೆ ದಾಸಮ್ಮನ ಪಾಳಿ. ಬಾನೆಟ್ಟಿಗೆ ಅರಿಸಿನ ಕುಂಕುಮ, ಮುಂದಿನ ಚಕ್ರಕ್ಕೆ ನೀರು, ಸ್ಟೇರಿಂಗಿಗೆ ಒಂದೆಳೆ ಹೂವು. ಕೊನೆಗೆ, ಬಾನೆಟ್ಟಿನ ಮೇಲೆ ಅಣಬೆಯ ಹಾಗೆ ತಲೆ ಎತ್ತಿದ್ದ ಕಬ್ಬಿಣದ ಟೋಪಿಗೆ ಒಂದು ಹಳದಿ ರವಿಕೆ ಕಣ ಸುತ್ತಿ, ಹಿಂದಕ್ಕೆ ಗಂಟು ಹಾಕುತ್ತಿದ್ದಳು. ಅದು ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಮಡಿಲಕ್ಕಿ ಕೊಟ್ಟು ಬಂದಾಗ ಪ್ರಸಾದದ ಜೊತೆ ಸಿಕ್ಕ ಬಟ್ಟೆ. ಬಿಸಿಗಾಳಿ ಎದ್ದಮೇಲೆ ಪಾರ್ಕಿನಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ದೂಳಿಗೆ ಹೆದರಿ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು. ಟ್ರ್ಯಾಕ್ಟರೂ ಮನೆಮಗಳಲ್ಲವೇ, ಅದೊಂದು ಯಾಕೆ ದೂಳು ಕುಡಿಯಬೇಕು ಅನ್ನುವುದು ದಾಸಮ್ಮನ ವಾದ. ಸಂಜೆ ಬಿಚ್ಚಿ, ಒಗೆದು, ತನ್ನ ಸೀರೆಯ ಪಕ್ಕದಲ್ಲೇ ಒಣಹಾಕುತ್ತಿದ್ದಳು. ಸಹನಾ ಇದನ್ನು ದಿನವೂ ನೋಡುತ್ತಿದ್ದಳು, ಕುಂಕುಮ ಹೂವು ನೋಡಿದ ಹಾಗೆ.

ಪಂಪನ್ನು ಪರೀಕ್ಷೆ ಮಾಡಿಸಲು ಶುಕ್ರವಾರ ಟ್ರ್ಯಾಕ್ಟರನ್ನು ಮಧುಗಿರಿಗೆ ಹೊಡೆದುಕೊಂಡು ಹೋದಳು. ಬೆಟ್ಟದ ಬುಡದಲ್ಲಿ ಚಂದ್ರಶೇಖರ್ ಅವರ ಡೀಸೆಲ್ ಪಂಪಿನ ಅಂಗಡಿ. ಸುತ್ತಲಿನ ನಾಲ್ಕೂ ತಾಲ್ಲೂಕಿನ ಲಾರಿ, ಟ್ರ್ಯಾಕ್ಟರುಗಳಿಗೆ ಅವರೇ ಕೊನೆಯ ಕೋರ್ಟು. ಅವರು ಪಂಪು ಬಿಚ್ಚಿ ಯಂತ್ರಕ್ಕೆ ಹಾಕಿ ನೋಡಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾಜಲ್ ನೋಡಿದರು, ಮಂಜಿನ ಹಾಗೆ ಸಿಂಪಡಿಸಿತು. ಆಮೇಲೆ ಕಲ್ಲು ತುಂಬಿದ ಟ್ರೇಲರ್ ಕಟ್ಟಿ, ಬೆಟ್ಟದ ಪಕ್ಕದ ಏರಿನಲ್ಲಿ ತಾವೇ ಓಡಿಸಿದರು. ಆ ಟ್ರ್ಯಾಕ್ಟರ್ ಬಿಸಿಲಿಗೆ ಬೆವೆತಿತೇ ಹೊರತು ಕಪ್ಪು ಹೊಗೆಯ ಒಂದು ಎಳೆಯನ್ನೂ ಬಿಡಲಿಲ್ಲ. ಸಹನಾಳಿಗೆ ಅದನ್ನು ಒದೆಯಬೇಕು ಅನ್ನಿಸಿತು.

ಚಂದ್ರಶೇಖರ್ ಕೈ ಒರೆಸಿಕೊಳ್ಳುತ್ತಾ ಅವಳ ಮುಖ ನೋಡಿದರು. ನಟ್ಟು ಸಡಿಲಿಸಿ ನೋಡಿದ್ದನ್ನು ಕೇಳಿ ಮೊದಲೇ ಮೆಚ್ಚಿಕೊಂಡಿದ್ದರು.

"ಇದು ಇಲ್ಲಿ ಹುಷಾರಾಗೈತಮ್ಮ, ನಿಮ್ಮೂರಲ್ಲಿ ಕಾಯಿಲೆ ಬೀಳ್ತೈತೆ. ಇನ್ನ ಇದರ ಹೊಟ್ಟೆ ಬಗೆಯೋದು ಬುಡು. ನಿಮ್ಮೂರಲ್ಲಿದ್ದು ನನ್ನ ಅಂಗಡೀಲಿ ಇಲ್ದೇ ಇರೋದು ಏನೈತೆ, ಅದನ್ನ ನೋಡು."

ವಾಪಸ್ ಬರುವ ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಊರಲ್ಲಿ ದೂಳಿದೆ, ಆದರೆ ಫಿಲ್ಟರ್ ಸ್ವಚ್ಛ. ಊರಲ್ಲಿ ನೀರು ಚಿಮ್ಮಿಸುವ ಪಂಪಿನ ಭಾರವಿದೆ, ಆದರೆ ಮಧುಗಿರಿಯಲ್ಲಿ ಕಲ್ಲಿನ ಭಾರ ಅದಕ್ಕಿಂತ ಹೆಚ್ಚೇ ಇತ್ತು. ಬೆಳಗ್ಗೆ ಹೊರಡುವಾಗ ದಾಸಮ್ಮ, ಪೇಟೆಗೆ ಹೋಗುವ ಗಾಡಿಗೆ ಒಳ್ಳೆಯ ಹಾರ ಹಾಕಿ, ಆ ಹಳೇ ಬಟ್ಟೆಯನ್ನು ಕಟ್ಟದೆ ಬಿಟ್ಟಿದ್ದಳು. ನಾಲ್ಕು ಜನ ನೋಡುವ ಕಡೆಗೆ ತಲೆಗೆ ಚಿಂದಿ ಕಟ್ಟಿ ಮನೆಮಗಳನ್ನು ಯಾರಾದರೂ ಕಳಿಸುತ್ತಾರೆಯೇ? ಸಹನಾ ಅದನ್ನೂ ಕಣ್ಣಾರೆ ನೋಡಿದ್ದಳು, ಆದರೂ ನೋಡಿರಲಿಲ್ಲ.

ಸೋಮವಾರ ಬಂತು. ರಂಗೇಶ್ ಬಿಳಿ ಶರಟು ಹಾಕಿಕೊಂಡು ಬಂದಿದ್ದರು, ಅಲ್ಲಿಗೆ ಬರುವ ಹೊಸಬರೆಲ್ಲ ಮಾಡುವ ತಪ್ಪು. ಕೆಟ್ಟ ಮನುಷ್ಯನೇನಲ್ಲ. ಹೆಂಗಸರಿಗೆ ನಮಸ್ಕಾರ ಮಾಡಿ, ಕೆಲಸ ನಡೆಯಲಿ, ನಾನು ಸುಮ್ಮನೆ ನೋಡುತ್ತೇನೆ ಎಂದರು. ದಾಸಮ್ಮ ಅವತ್ತು ಹೆಚ್ಚು ಕುಂಕುಮ ಬಳಿದು, ಬಟ್ಟೆಯನ್ನು ಎರಡು ಸುತ್ತು ಬಿಗಿದು ಕಟ್ಟಿದ್ದಳು. ಟ್ರ್ಯಾಕ್ಟರ್ ಸಾಲಿನೊಳಕ್ಕೆ ನುಗ್ಗಿತು. ಪಂಪು ನೀರೆತ್ತಿತು, ಬ್ರಷ್ಷುಗಳು ಏರಿದವು, ತುಂತುರು ನೀರು ಗಾಳಿಗೆ ಹಿಂದಕ್ಕೂ ಮುಂದಕ್ಕೂ ಹಾರಿ, ಕೆಂಪು ದೂಳಿನ ಜೊತೆ ಸೇರಿ ಎಲ್ಲರ ಮೇಲೂ ಬಿತ್ತು.

ತಿಂಡಿ ಹೊತ್ತಿಗೆ ಸರಿಯಾಗಿ, ಯಾರೋ ಹೇಳಿಕೊಟ್ಟ ಹಾಗೆ, ಹೊಗೆ ಬೂದಿಯಾಯಿತು. ಆಮೇಲೆ ಕಪ್ಪಾಯಿತು. ಸ್ಪಂದನಾ ನೆಲ ನೋಡತೊಡಗಿದಳು. ರಂಗೇಶ್ ತಮ್ಮ ಶರಟಿನ ತೋಳಿನ ಮೇಲೆ ಬಿದ್ದ ಮಸಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿ ನೀರಿನ ಪೈಪು ಕೊಂಡಿಯಿಂದ ಕಿತ್ತುಕೊಂಡು ಬಂತು.

ಪೈಪು ಹಾವಿನ ಹಾಗೆ ಹೊರಳಾಡಿ ಹೆಂಗಸರನ್ನೆಲ್ಲ ನೆನೆಸಿತು. ಸಹನಾ ಸೀಟಿನಿಂದ ಹಾರಿ ಓಡಿದಳು, ಪೈಪನ್ನು ಕಾಲಲ್ಲಿ ಅದುಮಿ ಪಾಪಕ್ಕನ ಕೈಗೆ ಕೊಟ್ಟು, ಪಂಪು ನಿಲ್ಲಿಸಲು ಮತ್ತೆ ಟ್ರ್ಯಾಕ್ಟರಿನ ಕಡೆಗೆ ಓಡಿದಳು. ಏರು ದಾರಿ. ಅರ್ಧಕ್ಕೇ ಕಾಲು ಸೋತು, ಕಣ್ಣು ಕತ್ತಲೆ ಬಂತು. ಬಾಯಿ ತೆರೆದರೂ ಉಸಿರು ಒಳಗೆ ಹೋಗುತ್ತಿಲ್ಲ. ಮುಖಕ್ಕೆ ಸುತ್ತಿದ ವೇಲು ನೆನೆದು, ದೂಳು ಮೆತ್ತಿ, ಕೆಸರಿನ ಹಪ್ಪಳವಾಗಿ ಮೂಗಿಗೂ ಬಾಯಿಗೂ ಅಂಟಿಕೊಂಡಿತ್ತು. ಅದನ್ನು ಎರಡೂ ಕೈಯಲ್ಲಿ ಕಿತ್ತು ಕೆಳಗೆಳೆದಳು. ಗಾಳಿ ಒಳಕ್ಕೆ ನುಗ್ಗಿತು. ಒಂದು ಗಳಿಗೆ ಟ್ರ್ಯಾಕ್ಟರಿನ ಬಾನೆಟ್ಟಿಗೆ ಕೈ ಊರಿ ನಿಂತು ಬರೀ ಉಸಿರಾಡಿದಳು.

ತಲೆ ಎತ್ತಿದಾಗ ಎದುರಿಗೇ ಇತ್ತು ಆ ಟೋಪಿ. ಹಳದಿ ಅನ್ನುವ ಹಾಗಿರಲಿಲ್ಲ ಈಗ, ಕೆಮ್ಮಣ್ಣು ಸಾರಿಸಿದ ಹಾಗಿತ್ತು. ಎಂಜಿನ್ ಉಸಿರೆಳೆದುಕೊಂಡಂತೆಲ್ಲ ಬಟ್ಟೆ ಒಳಕ್ಕೆ ಒಳಕ್ಕೆ ಎಳೆದು, ಟೋಪಿಯ ಅಂಚಿನ ಕಂಡಿಗಳಿಗೆ ಮೆತ್ತಿಕೊಳ್ಳುತ್ತಿತ್ತು. ಆ ಕಂಡಿಗಳಿಂದಲೇ ತಾನೆ ಟ್ರ್ಯಾಕ್ಟರ್ ಗಾಳಿ ಎಳೆಯುವುದು. ಫಿಲ್ಟರಿಗೆ ಹೋಗುವ ಗಾಳಿಯೂ ಅಲ್ಲಿಂದಲೇ ಹೋಗಬೇಕು.

ಎಲ್ಲವೂ ಒಟ್ಟಿಗೆ ಬಂದು ಅವಳ ತಲೆಗೆ ಹೊಡೆಯಿತು. ಬೆಳಗ್ಗೆ ಒಣಗಿದ ಬಟ್ಟೆಯಾದ್ದರಿಂದ ಗಾಳಿ ಹೋಗುತ್ತದೆ, ಹೊಗೆ ಇಲ್ಲ. ತಿಂಡಿ ಹೊತ್ತಿಗೆ ತುಂತುರು ನೀರೂ ದೂಳೂ ಸೇರಿ ಗೋಡೆಗೆ ಗಿಲಾಯಿ ಮಾಡಿದ ಹಾಗಾಗುತ್ತದೆ, ಹೊಗೆ. ಮಧುಗಿರಿಗೆ ಹೋಗುವಾಗ ಬಟ್ಟೆಯೇ ಇಲ್ಲ. ಹಳೇ ಡ್ರೈವರ್ ಇದ್ದಾಗಲೂ ಇರಲಿಲ್ಲ, ಅತ್ತೆ ಅದನ್ನು ಕಟ್ಟತೊಡಗಿದ್ದೇ ಬಿಸಿಗಾಳಿ ಎದ್ದಮೇಲೆ. ಮತ್ತೆ ಆ ಫಿಲ್ಟರ್! ಪಾವಗಡದ ದೂಳಿನಲ್ಲಿ ಚಿಟಿಕೆ ದೂಳೂ ಕೂರದ ಫಿಲ್ಟರ್ ಇದೆ ಅಂದರೆ ಅಲ್ಲಿಗೆ ಏನೂ ತಲುಪುತ್ತಿಲ್ಲ ಅಂತ ತಾನೆ ಅರ್ಥ. ಅದನ್ನೇ ಊರೆಲ್ಲ ತೋರಿಸಿ ಮೆರೆದಿದ್ದಳಲ್ಲ ಮಹಾರಾಯಿತಿ.

ಅಲ್ಲೇ ಬಟ್ಟೆಯನ್ನು ಕಿತ್ತೊಗೆಯಬಹುದಿತ್ತು. ಆದರೆ ಅವಳು ಹಾಗೆ ಮಾಡಲಿಲ್ಲ. ಇಷ್ಟು ದಿನ ಚುಚ್ಚುಮಾತು ಕೇಳಿದವಳು, ಸದ್ದಿಲ್ಲದೆ ಗೆದ್ದರೆ ಅದು ಎಂಥ ಗೆಲುವು? ಪಂಪು ನಿಲ್ಲಿಸಿ ಪೈಪನ್ನು ಭದ್ರವಾಗಿ ಸಿಕ್ಕಿಸಿದಳು. ಮತ್ತೆ ಪಂಪು ಹಾಕಿ, ವೇಗ ಏರಿಸಿದಳು. ಹೊಗೆ ಭುಸ್ಸೆಂದು ಎದ್ದಿತು. ಆಗ ಎಲ್ಲರನ್ನೂ ಹತ್ತಿರ ಕರೆದಳು, ರಂಗೇಶರನ್ನೂ, ಪಾಪಕ್ಕನನ್ನೂ.

"ಸಾರ್, ಸೈಲೆನ್ಸರ್ ಕೊಳವೆ ಬಾಯಿ ನೋಡ್ತಿರಿ. ಕಣ್ಣು ಆ ಕಡೆ ಈ ಕಡೆ ತಿರುಗಿಸ್ಬೇಡಿ."

ಅವಳ ಕೈ ಗಂಟಿನ ಮೇಲೆ ಹೋದದ್ದು ಕಂಡು ದಾಸಮ್ಮ ಮುಂದೆ ಬಂದಳು. "ಲೇ, ಅದು ಅಮ್ಮನೋರ ಪ್ರಸಾದ ಕಣೇ," ಎಂದಳು. ಸಹನಾ ಒಂದು ಕ್ಷಣ ನಿಂತಳು. ಅತ್ತೆಯ ಮೇಲೆ ಅವಳಿಗೆ ಸಿಟ್ಟು ಉಕ್ಕಿ ಬಂದಿತ್ತು, ಅಷ್ಟೇ ಪ್ರೀತಿಯೂ ಬಂತು. ಬಟ್ಟೆಯನ್ನು ಎಳೆದು ಹರಿಯದೆ, ನಿಧಾನವಾಗಿ ಗಂಟು ಬಿಚ್ಚಿ ಎತ್ತಿದಳು. ಅದು ಮಡಚಲಿಲ್ಲ. ಟೋಪಿಯ ಆಕಾರದಲ್ಲೇ, ಮಣ್ಣಿನ ಮುಚ್ಚಳದ ಹಾಗೆ ಅವಳ ಕೈಗೆ ಬಂತು.

ಮೊದಲು ಬದಲಾದದ್ದು ಸದ್ದು. ಇಷ್ಟು ದಿನ ಏದುಸಿರು ಬಿಡುತ್ತಿದ್ದ ಎಂಜಿನ್ ದೊಡ್ಡದೊಂದು ಉಸಿರೆಳೆದು ಗಟ್ಟಿ ದನಿಯಲ್ಲಿ ಹಾಡತೊಡಗಿತು. ಕಪ್ಪು ಹೊಗೆ ಬೂದಿಯಾಯಿತು, ಬೂದಿ ತೆಳುವಾಯಿತು. ನೋಡನೋಡುತ್ತಿದ್ದಂತೆ ಕೊಳವೆಯ ಬಾಯಲ್ಲಿ ಬಿಸಿಗಾಳಿ ಅಲುಗಾಡುವುದು ಬಿಟ್ಟು ಬೇರೇನೂ ಉಳಿಯಲಿಲ್ಲ. ಆಚೆಗೆ ನೀಲಿ ಆಕಾಶ, ಅದರ ಕೆಳಗೆ ಸಾಲು ಸಾಲು ಗಾಜು.

ರಂಗೇಶ್ ಅಷ್ಟಕ್ಕೇ ಒಪ್ಪುವವರಲ್ಲ. ಟ್ಯಾಂಕರ್ ಭರ್ತಿ ಮಾಡಿ ಪಾರ್ಕಿನ ಹಿಂದಿನ ದಿಣ್ಣೆ ಹತ್ತಿಸಿ ತೋರಿಸಿ ಎಂದರು. ತೋರಿಸುವುದೇನು, ಸಹನಾ ಮೆರವಣಿಗೆ ಹೊರಟ ಹಾಗೆ ಹೊರಟಳು. ನೀರು ತುಂಬಿ ತುಳುಕುವ ಟ್ಯಾಂಕರು, ಮೈಮುರಿಯುವ ಏರು, ಪೂರ್ತಿ ವೇಗ. ದಿಣ್ಣೆಯ ಅರ್ಧದಲ್ಲಿ ಬೇಕೆಂದೇ ನಿಲ್ಲಿಸಿ, ಅಲ್ಲಿಂದ ಮತ್ತೆ ಎಳೆಸಿದಳು. ಎಂಜಿನ್ ಗುಡುಗಿತು, ಚಕ್ರ ಮಣ್ಣು ಕಚ್ಚಿತು, ಹೊಗೆ ಮಾತ್ರ ಬರಲಿಲ್ಲ. ತುದಿಗೆ ತಲುಪಿ ಹಿಂತಿರುಗಿ ನೋಡಿದರೆ ಕೆಳಗೆ ಇಡೀ ಸಂಘ ಬ್ರಷ್ಷು ಎತ್ತಿ ಹಿಡಿದು ನಿಂತಿತ್ತು. ಸಹನಾಳಿಗೆ ಗಟ್ಟಿಯಾಗಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾರಿಗೂ ಮುಖ ಕಾಣದ ಎತ್ತರದಲ್ಲಿದ್ದಳಲ್ಲ, ಎರಡನ್ನೂ ತಡೆಯಲಿಲ್ಲ.

ಇಳಿದು ಬಂದಾಗ ದಾಸಮ್ಮ ಆ ಮಣ್ಣಿನ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಯಜಮಾನಿಯ ಮುಖ ಅಷ್ಟು ಚಿಕ್ಕದಾದದ್ದನ್ನು ಸಹನಾ ಯಾವತ್ತೂ ಕಂಡಿರಲಿಲ್ಲ.

"ದೂಳು ಕುಡೀಬಾರ್ದು ಅಂತ ಕಟ್ಟಿದ್ದು ಕಣಮ್ಮ," ಎಂದಳು. "ಉಸಿರೇ ಕಟ್ಟುತ್ತೆ ಅಂತ ನಂಗೇನು ಗೊತ್ತು."

"ದಿನಾ ನನ್ನ ಕಣ್ಣೆದುರಿಗೇ ಇತ್ತಲ್ಲ ಅತ್ತೆ," ಎಂದಳು ಸಹನಾ. "ಓದಿದವಳು ನಾನು. ಖಾಲಿ ಫಿಲ್ಟರ್ ಹಿಡ್ಕೊಂಡು ಕುಣೀತಿದ್ದೆ."

ದಾಸಮ್ಮನೊಳಗಿನ ಯಜಮಾನಿ ಎದ್ದು ಕೂತಳು. ಟ್ಯಾಂಕರಿನ ನಲ್ಲಿ ತಿರುಗಿಸಿ, ಬಟ್ಟೆಯನ್ನು ಕೆಳಗೆ ಹಿಡಿದು ಉಜ್ಜಿದಳು. ಕೆಂಪು ನೀರು ಹರಿದು ಹೋಗಿ, ಒಳಗಿನಿಂದ ಹಳದಿ ಹೊರಬಂತು. ಚೆನ್ನಾಗಿ ಹಿಂಡಿ, ಟ್ರ್ಯಾಕ್ಟರಿನ ಮೆಟ್ಟಿಲು ಹತ್ತಿ, ಸೊಸೆಗೆ ಎಂಜಿನ್ ಜೋರು ಮಾಡಲು ಹೇಳಿದಳು. ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಸೈಲೆನ್ಸರಿನ ಬಾಯಿಗೆ ಒಂದು ಗೇಣು ಮೇಲೆ ಹಿಡಿದಳು. ಬಟ್ಟೆ ಪಟಪಟ ಹೊಡೆದುಕೊಂಡಿತು. ಕೈಗೆ ಬಿಸಿ ತಾಕುವವರೆಗೂ ಹಿಡಿದಿದ್ದು, ಇಳಿದು ಬಂದು ಮೊದಲು ರಂಗೇಶರ ಮುಂದೆ, ಆಮೇಲೆ ಪಾಪಕ್ಕನ ಮುಂದೆ ಬಿಡಿಸಿ ತೋರಿಸಿದಳು. ಹಳದಿ ಹಳದಿಯಾಗಿಯೇ ಇತ್ತು, ಮಸಿಯ ಒಂದು ಚುಕ್ಕೆಯೂ ಇರಲಿಲ್ಲ.

ರಂಗೇಶ್ ತಮ್ಮ ತೋಳಿನ ಮೇಲಿದ್ದ ಮಸಿಯನ್ನೂ ಆ ಬಟ್ಟೆಯನ್ನೂ ನೋಡಿ ನಕ್ಕುಬಿಟ್ಟರು. ಸಿರಾದವರಿಗೆ ಬರುವುದು ಬೇಡ ಅಂತ ಇವತ್ತೇ ತಿಳಿಸಿಬಿಡಿ ಎಂದು ಸ್ಪಂದನಾಳಿಗೆ ಹೇಳಿದರು. ಬೇರೆ ಸಾಲುಗಳಲ್ಲಿ ಓಡುವ ಟ್ರ್ಯಾಕ್ಟರುಗಳನ್ನೂ ಈ ಡ್ರೈವರಮ್ಮ ಒಮ್ಮೆ ನೋಡಿಕೊಡಬಹುದೇ ಎಂದು ಕೇಳಿದರು. ಸಹನಾ ಬಿಗುಮಾನದಿಂದ, ನೋಡೋಣ ಸಾರ್ ಎಂದಳು. ಫೋನಿನಲ್ಲಿ ವಿಷಯ ಕೇಳಿದ ಚಂದ್ರಶೇಖರ್ ಅಂಗಡಿಯ ಹುಡುಗರನ್ನೆಲ್ಲ ಕರೆದು ಅವಳ ಬಾಯಿಂದ ಇನ್ನೊಮ್ಮೆ ಹೇಳಿಸಿದರು.

ಪಾಪಕ್ಕ ಕ್ಷಮೆ ಗಿಮೆ ಕೇಳುವ ಪೈಕಿಯಲ್ಲ. ಆದರೆ ತಿಂಡಿಗೆ ಕೂತಾಗ ತನ್ನ ಬುತ್ತಿಯ ಚಿತ್ರಾನ್ನದಲ್ಲಿ ಅರ್ಧ ತೆಗೆದು ಸಹನಾಳ ಡಬ್ಬಿಗೆ ಸುರಿದಳು. ಸಹನಾ ಒಂದು ಅಗುಳೂ ಬಿಡದೆ ತಿಂದಳು. ತಿಂಡಿ ಹೊತ್ತು ಅವತ್ತು ಹೊಗೆಯಿಲ್ಲದೆ ಮುಗಿಯಿತು.

ಮತ್ತೆ ಕೆಲಸಕ್ಕೆ ಏಳುವಾಗ ದಾಸಮ್ಮ ಸೊಸೆಯನ್ನು ನಿಲ್ಲಿಸಿದಳು. ಬಿಸಿಲಿಗೆ ಒಣಗಿದ್ದ ಹಳದಿ ಬಟ್ಟೆ ಅವಳ ಕೈಯಲ್ಲಿತ್ತು. ಸಹನಾಳ ಕಣ್ಣು ತಾನಾಗಿ ಬಾನೆಟ್ಟಿನ ಕಡೆ ಹೋಯಿತು. ದಾಸಮ್ಮ ಆ ಕಡೆ ತಿರುಗಲಿಲ್ಲ. ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ, ಗೆದ್ದ ಪೈಲ್ವಾನನಿಗೆ ಪೇಟ ಸುತ್ತುವ ಹಾಗೆ ಎಲ್ಲ ಹೆಂಗಸರ ಎದುರಿಗೆ ಸೊಸೆಯ ತಲೆಗೆ ಸುತ್ತಿ, ಹಿಂದಕ್ಕೆ ಗಂಟು ಹಾಕಿದಳು. ಹಿಂದೆ ಸರಿದು ನಿಂತು, ಸರಿಯಾಗಿದೆಯೇ ಎಂದು ನೋಡಿದಳು.

"ಮೂಗು ಬುಟ್ಟು ಕಟ್ಟಿವ್ನಿ," ಎಂದಳು. "ಹತ್ತಮ್ಮ ಸೀಟಿಗೆ."